ಬ್ಲಾವಟ್ಸ್ಕಿ ಜೀವನಚರಿತ್ರೆ: ಖಾಲಿ ಬಿಟ್ಟ ವರ್ಷಗಳು, ಬಿಡಲಾಗದ ಕಾಗದಗಳು

ಥಿಯಾಸಾಫಿಕಲ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬರಾದ ಹೆಲೆನಾ ಪೆಟ್ರೋವ್ನಾ ಬ್ಲಾವಟ್ಸ್ಕಿಯವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಎಂದು ಯಾರಿಗೆ ಹೇಳಿದರೂ ಅವರು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಆಕೆಗೆ ನಿಜವಾಗಿಯೂ ಸಿದ್ಧಿಗಳಿದ್ದವೇ, ಇಲ್ಲವೇ ಎಲ್ಲವೂ ಕಣ್ಕಟ್ಟೇ? ಎಲ್ಲ ಧರ್ಮಗಳ ಹಿಂದೆ ಒಂದೇ ಗುಪ್ತ ಜ್ಞಾನವಿದೆ ಎನ್ನುವ ಥಿಯಾಸಾಫಿಯ ವಾತಾವರಣದಲ್ಲಿ ಬೆಳೆದ ಬಸವನಗುಡಿಯ ಹಿರಿಯರೂ ಇದನ್ನೇ ಕೇಳಿದರು, ಪವಾಡಗಳನ್ನು ಬಯಲಿಗೆಳೆಯುವುದರಲ್ಲಿ ಆಯುಷ್ಯ ಸವೆಸಿದ ವಿಚಾರವಾದಿ ಗೆಳೆಯರೂ ಇದನ್ನೇ ಕೇಳಿದರು. ಕೆಲಸ ಮುಂದುವರಿದ ಹಾಗೆ ಒಂದು ವಿಷಯ ನನಗೆ ಮನದಟ್ಟಾಯಿತು. ಈ ಪ್ರಶ್ನೆಯ ಇಂದಿನ ರೂಪ ನಮ್ಮದಲ್ಲ, ಲಂಡನ್ನಿನ ಒಂದು ಸಂಸ್ಥೆ 1884ರ ಕೊನೆಯಲ್ಲಿ ಮದ್ರಾಸಿಗೆ ಕಳಿಸಿದ ತನಿಖೆಗಾರ ರೂಪಿಸಿಕೊಟ್ಟದ್ದು. ಅದಕ್ಕೆ ಉತ್ತರ ಕೊಡುವ ಹೊಣೆಯಿಂದ ನಾನು ನುಣುಚಿಕೊಳ್ಳಲಿಲ್ಲ. ಆದರೆ ಆ ಒಂದು ಉತ್ತರದಿಂದ ಅರುವತ್ತು ವರ್ಷದ ಬದುಕೊಂದರ ಕಥೆ ಹುಟ್ಟುವುದಿಲ್ಲ ಎಂದು ತಿಳಿದ ಮೇಲೆ ನಾನು ಕಾಗದಪತ್ರಗಳನ್ನು ಓದುವ ಕ್ರಮವೇ ಬದಲಾಯಿತು. ಆ ಕ್ರಮ ಹೇಗೆ ರೂಪುಗೊಂಡಿತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಓದು ಶುರುವಾದದ್ದು ಬೆಂಗಳೂರಿನಲ್ಲಿ, ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನ ಗ್ರಂಥಾಲಯದಲ್ಲಿ. 1945ರಲ್ಲಿ ಆ ಸಂಸ್ಥೆಯನ್ನು ಕಟ್ಟಿದ ವಾಡಿಯಾ ದಂಪತಿಗಳು ಬ್ಲಾವಟ್ಸ್ಕಿಯವರ ಬರಹವನ್ನೇ ಮೂಲವೆಂದು ನಂಬಿದವರು. 1918ರಲ್ಲಿ ಮದ್ರಾಸಿನಲ್ಲಿ ಕಾರ್ಮಿಕ ಸಂಘವನ್ನು ಕಟ್ಟಿದವರೂ ಇದೇ ವಾಡಿಯಾ. ಅಲ್ಲಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ ನ್ಯಾಷನಲ್ ಹೈಸ್ಕೂಲ್ ಇದೆ. ಬ್ಲಾವಟ್ಸ್ಕಿಯವರ ಶಿಷ್ಯೆ ಆನಿ ಬೆಸೆಂಟರ ಪ್ರೇರಣೆಯಿಂದ 1917ರಲ್ಲಿ ಹುಟ್ಟಿದ ಶಾಲೆ ಅದು. ಅದೇ ಶಾಲೆಯಲ್ಲಿ ಓದಿ, ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದ್ದು ನಮ್ಮಲ್ಲಿ ಬಹಳ ಮಂದಿಗೆ ನೆನಪಿದೆ. ನಂಬಿಕೆ ಮತ್ತು ತನಿಖೆ ಎಂಬ ಎರಡೂ ಧಾರೆಗಳು ಒಂದೇ ಬಡಾವಣೆಯಲ್ಲಿ, ಒಂದೇ ವಿದ್ಯಾಸಂಸ್ಥೆಯ ಒಳಗೆ ಹರಿದಿವೆ. ಬ್ಲಾವಟ್ಸ್ಕಿಯವರು ಕನ್ನಡಿಗರಿಗೆ ದೂರದವರಲ್ಲ ಎಂದು ನನಗೆ ಅನ್ನಿಸಿದ್ದು ಇದರಿಂದಲೇ.

ಅವರ ಬದುಕಿನಲ್ಲಿ ಯಾರೂ ತಕರಾರು ಎತ್ತದ ಸಂಗತಿಗಳು ಬೇಗ ಮುಗಿಯುತ್ತವೆ. 1831ರಲ್ಲಿ ಇಂದಿನ ಉಕ್ರೇನಿನ ನಿಪ್ರೊ ನಗರದಲ್ಲಿ, ಆಗಿನ ಯೆಕತೆರಿನೊಸ್ಲಾವ್‌ನಲ್ಲಿ ಹುಟ್ಟಿದರು. ತಂದೆ ಸೇನಾಧಿಕಾರಿ, ತಾಯಿ ಕಾದಂಬರಿಗಾರ್ತಿ, 1842ರಲ್ಲಿ ಸಣ್ಣ ವಯಸ್ಸಿನಲ್ಲೇ ತೀರಿಕೊಂಡರು, ಅಜ್ಜಿ ಸಸ್ಯಶಾಸ್ತ್ರ ಬಲ್ಲ ರಾಜವಂಶದ ಹೆಂಗಸು. 1849ರಲ್ಲಿ ನಿಕಿಫೋರ್ ಬ್ಲಾವಟ್ಸ್ಕಿ ಎಂಬ ಅಧಿಕಾರಿಯನ್ನು ಮದುವೆಯಾಗಿ ಕೆಲವೇ ತಿಂಗಳಲ್ಲಿ ಗಂಡನನ್ನು ಬಿಟ್ಟು ಹೊರಟರು. 1873ರ ಜುಲೈಯಲ್ಲಿ ನ್ಯೂಯಾರ್ಕ್ ತಲುಪಿದರು. ಮರುವರ್ಷ ವರ್ಮಾಂಟಿನ ಒಂದು ತೋಟದ ಮನೆಯಲ್ಲಿ, ಪ್ರೇತಗಳನ್ನು ಬರಮಾಡಿಕೊಳ್ಳುವ ಕೂಟದಲ್ಲಿ, ಕರ್ನಲ್ ಹೆನ್ರಿ ಆಲ್ಕಾಟರ ಪರಿಚಯವಾಯಿತು. 1875ರ ನವೆಂಬರ್ 17ರಂದು ಥಿಯಾಸಾಫಿಕಲ್ ಸೊಸೈಟಿ ಶುರುವಾಯಿತು. 1879ರ ಫೆಬ್ರವರಿಯಲ್ಲಿ ಇಬ್ಬರೂ ಮುಂಬಯಿಗೆ ಬಂದಿಳಿದರು. 1882ರ ಕೊನೆಯಲ್ಲಿ ಸೊಸೈಟಿಯ ಕೇಂದ್ರ ಮದ್ರಾಸಿನ ಅಡ್ಯಾರಿಗೆ ಬಂತು. 1885ರ ಮಾರ್ಚ್ 31ರಂದು, ಕಾಯಿಲೆಯಿಂದ ಜರ್ಜರಿತರಾಗಿ ಅವರು ಮದ್ರಾಸು ಬಿಟ್ಟರು, ಮತ್ತೆ ಭಾರತಕ್ಕೆ ಬರಲಿಲ್ಲ. 1888ರಲ್ಲಿ ಅವರ ಮುಖ್ಯ ಗ್ರಂಥ ‘ದಿ ಸೀಕ್ರೆಟ್ ಡಾಕ್ಟ್ರಿನ್’ ಪ್ರಕಟವಾಯಿತು. 1891ರ ಮೇ 8ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಇನ್ನುಳಿದದ್ದೆಲ್ಲ ವಿವಾದವೇ. ಅವರ ಬಗ್ಗೆ ಇಂಗ್ಲಿಷಿನಲ್ಲಿ ಬಂದಿರುವ ಬರಹ ರಾಶಿ ರಾಶಿ. ಬಹುಪಾಲು ಅನುಯಾಯಿಗಳದು, ಇಲ್ಲವೇ ಅನುಯಾಯಿಗಳಾಗಿದ್ದು ಮುನಿಸಿಕೊಂಡು ಹೊರಬಿದ್ದವರದು. ಒಂದೇ ಘಟನೆಯನ್ನು ಎರಡೂ ಕಡೆಯಿಂದ ಓದಿ ಓದಿ ತಲೆ ಭಾರವಾದಾಗ ನಾನೊಂದು ನಿಯಮ ಹಾಕಿಕೊಂಡೆ. ಯಾವ ಸಂಗತಿಯನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸಿದರೂ ಅದರ ಪಕ್ಕದಲ್ಲಿ, ಇದನ್ನು ಮೊದಲು ಹೇಳಿದವರು ಯಾರು, ಘಟನೆ ನಡೆದು ಎಷ್ಟು ಕಾಲದ ಮೇಲೆ ಹೇಳಿದರು, ಆ ಹೊತ್ತಿನಲ್ಲಿ ಬ್ಲಾವಟ್ಸ್ಕಿಯವರ ಜೊತೆ ಅವರ ಸಂಬಂಧ ಹೇಗಿತ್ತು, ಮೂಲ ಕಾಗದ ಇಂದು ಎಲ್ಲಿದೆ ಎಂಬುದನ್ನು ಬರೆಯಲೇಬೇಕು. ಕೇಳುವುದಕ್ಕೆ ಇದು ಗುಮಾಸ್ತೆಯ ಕೆಲಸದಂತೆ ತೋರಬಹುದು. ಆದರೆ ಎಷ್ಟೋ ಪ್ರಸಿದ್ಧ ಕಥೆಗಳು ಈ ನಾಲ್ಕು ಪ್ರಶ್ನೆಗಳ ಮುಂದೆ ನಿಲ್ಲಲಾರದೆ ಕುಸಿದವು. ಆಕೆಯನ್ನು ಹೊಗಳುವ ಕಥೆಗಳು ಎಷ್ಟು ಕುಸಿದವೋ ತೆಗಳುವ ಕಥೆಗಳೂ ಹೆಚ್ಚುಕಡಿಮೆ ಅಷ್ಟೇ ಕುಸಿದವು.

ಈ ನಿಯಮಕ್ಕೆ ಅತ್ಯಂತ ಕಠಿಣ ಪರೀಕ್ಷೆ ಒಡ್ಡಿದ್ದು 1849ರಿಂದ 1873ರವರೆಗಿನ 24 ವರ್ಷಗಳು. ಈ ಅವಧಿಯಲ್ಲಿ ತಾವು ಈಜಿಪ್ಟ್, ಅಮೆರಿಕ, ಭಾರತಗಳನ್ನೆಲ್ಲ ಸುತ್ತಿ ಟಿಬೆಟ್ಟಿನಲ್ಲಿ ಗುರುಗಳ ಬಳಿ ಕಲಿತದ್ದಾಗಿ ಅವರು ಹೇಳಿಕೊಂಡರು. ವಿರೋಧಿಗಳು ಇದೇ ವರ್ಷಗಳಲ್ಲಿ ಪ್ರಣಯಗಳನ್ನೂ ಸಾಲಗಳನ್ನೂ ಸರ್ಕಸ್ಸಿನ ಕುದುರೆ ಸವಾರಿಯನ್ನೂ ತುಂಬಿದರು. ಸಮಕಾಲೀನ ಕಾಗದವೆಂದು ಕೈಗೆ ಸಿಗುವುದು ತೀರಾ ಕಡಿಮೆ. ಉದಾಹರಣೆಗೆ, ಹಿಮಾಲಯದ ತಪ್ಪಲಿನಲ್ಲಿ ಅವರು ಟಿಬೆಟ್ಟಿಗೆ ನುಗ್ಗಲು ಯತ್ನಿಸಿದಾಗ ತಡೆದದ್ದು ತಾನೇ ಎಂದು ಮರೆ ಎಂಬ ಬ್ರಿಟಿಷ್ ಸೇನಾಧಿಕಾರಿ ಹೇಳಿದ್ದನ್ನು ಆಲ್ಕಾಟರು ಬರೆದಿಟ್ಟಿದ್ದಾರೆ. ಘಟನೆ 1854–55ರ ಸುಮಾರಿನದು. ಆಲ್ಕಾಟರಿಗೆ ಆತ ರೈಲಿನಲ್ಲಿ ಸಿಕ್ಕಿದ್ದು 1893ರಲ್ಲಿ, ಬ್ಲಾವಟ್ಸ್ಕಿಯವರು ತೀರಿಕೊಂಡ ಮೇಲೆ. ಸಾಕ್ಷಿದಾರ ಅನುಯಾಯಿಯಲ್ಲ, ಸುಳ್ಳು ಹೇಳಿ ಪಡೆಯಬೇಕಾದದ್ದು ಏನೂ ಇರಲಿಲ್ಲ. ಆದರೆ ನಡುವೆ ನಾಲ್ಕು ದಶಕದಷ್ಟು ಕಾಲ ಹೋಗಿದೆ, ಹೇಳಿಕೆ ನಮಗೆ ತಲುಪಿರುವುದು ಆಪ್ತ ಸ್ನೇಹಿತನೊಬ್ಬನ ಕೈಯಿಂದ. ಇದನ್ನು ನಾನು ಕೈಬಿಡಲಿಲ್ಲ, ಮುಖ್ಯ ಕಥನದೊಳಗೆ ಸೇರಿಸಲೂ ಇಲ್ಲ. ಈ ಮೂರೂ ವರ್ಷಗಳನ್ನು, ಅಂದರೆ ಘಟನೆ ನಡೆದದ್ದೆನ್ನುವ ವರ್ಷ, ಆಕೆ ತೀರಿಕೊಂಡ ವರ್ಷ, ಹೇಳಿಕೆ ದಾಖಲಾದ ವರ್ಷ, ಒಟ್ಟಿಗೇ ಓದುಗರ ಮುಂದಿಟ್ಟೆ.

ಇದಕ್ಕಿಂತ ಹೆಚ್ಚು ನನ್ನನ್ನು ಹಿಡಿದು ನಿಲ್ಲಿಸಿದ್ದು ಅಡ್ಯಾರಿನ ಸಂಗ್ರಹಕ್ಕೆ ಸೇರಿದ ಒಂದು ಚಿತ್ರಪುಸ್ತಕದ ಪುಟ. ಸಮುದ್ರತೀರ, ದೋಣಿಗಳು, ಅವರೇ ಬಿಡಿಸಿದ ಚಿತ್ರ. ಕೆಳಗೆ ಫ್ರೆಂಚಿನಲ್ಲಿ ಒಂದು ಟಿಪ್ಪಣಿ. ಮರೆಯಲಾಗದ ಆ ರಾತ್ರಿ, ಚಂದ್ರ ರ‍್ಯಾಮ್ಸ್‌ಗೇಟಿನಲ್ಲಿ ಮುಳುಗುತ್ತಿದ್ದಾಗ, 1851ರ ಆಗಸ್ಟ್ 12ರಂದು, ತನ್ನ ಇಪ್ಪತ್ತನೆಯ ಹುಟ್ಟುಹಬ್ಬದ ದಿನ, ಕನಸಿನ ಗುರುವನ್ನು ಕಂಡೆ ಎಂಬುದು ಅದರ ಸಾರ. ಅವರ ಕೊನೆಗಾಲದ ಸಂಗಾತಿ ಕೌಂಟೆಸ್ ವಾಚ್‌ಮೈಸ್ಟರ್ ಈ ಪುಟವನ್ನು ನೋಡಿ, ಗುರುವನ್ನು ಕಂಡದ್ದು ಲಂಡನ್ನಿನಲ್ಲಿ ಎಂದು ನನಗೆ ಹೇಳಿದ್ದಿರಿ, ಇಲ್ಲಿ ಬೇರೆ ಊರು ಇದೆಯಲ್ಲ ಎಂದು ಕೇಳಿದರಂತೆ. ಪುಸ್ತಕ ಯಾರ ಕೈಗಾದರೂ ಸಿಕ್ಕರೆ ನಿಜವಾದ ಸ್ಥಳ ತಿಳಿಯಬಾರದೆಂದು ಹಾಗೆ ಬರೆದೆ ಎಂದು ಉತ್ತರ ಬಂತಂತೆ. ಅಂದರೆ, ಒಂದು ಕಾಗದ, ಒಂದು ಮಾತು, ಕಾಗದವನ್ನು ಮಾತು ಸುಳ್ಳಾಗಿಸುತ್ತದೆ, ಎರಡೂ ಒಬ್ಬರದೇ. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ತನ್ನ ಖಾಸಗಿ ಪುಸ್ತಕದಲ್ಲೇ ಸ್ಥಳವನ್ನು ಮರೆಮಾಚಿದ್ದು ನಿಜವಾದರೆ, ಆಕೆಯ ಮುಂದಿನ ಬದುಕಿನ ಗೋಪ್ಯತೆಗೆ ಅದು ಮೊದಲ ಪುರಾವೆ. ವಿವರಣೆಯನ್ನು ಆಮೇಲೆ ಕಟ್ಟಿದ್ದಾದರೆ, ಹೇಳಿದ ಮಾತನ್ನು ಉಳಿಸಿಕೊಳ್ಳುವ ಅಭ್ಯಾಸಕ್ಕೆ ಪುರಾವೆ. ಯಾವುದು ಸರಿ ಎಂದು ತೀರ್ಮಾನಿಸುವ ಆಧಾರ ಆ ಪುಟದಲ್ಲಿ ಇಲ್ಲ. ಚಿತ್ರದ ಗೆರೆ ಮಾತ್ರ ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಅವರದು, ಕೈ ನುರಿತ ಗೆರೆ.

ಅಡ್ಯಾರಿನ ಮುಖ್ಯ ಸಭಾಂಗಣದಲ್ಲಿ ಬ್ಲಾವಟ್ಸ್ಕಿ ಮತ್ತು ಆಲ್ಕಾಟರ ಪ್ರತಿಮೆಗಳಿವೆ. ಸೊಸೈಟಿಯ ಧ್ಯೇಯವಾಕ್ಯ ‘ಸತ್ಯಾನ್ನಾಸ್ತಿ ಪರೋ ಧರ್ಮಃ’, ಕಾಶಿಯ ಮಹಾರಾಜರ ಮನೆತನದಿಂದ ಪಡೆದದ್ದು. ನಂಬಿಕೆಯ ಸಂಸ್ಥೆಯೊಂದರ ಕಾಗದಗಳನ್ನು ಓದುವ ಹೊರಗಿನವಳಾಗಿ ನಾನು ಈ ವಾಕ್ಯವನ್ನು ಬಹಳ ಗಂಭೀರವಾಗಿ ತೆಗೆದುಕೊಂಡೆ. ನಾನು ಆಕೆಯನ್ನು ಹಳಿಯಲು ಬಂದವಳೆಂದು ಶಂಕಿಸಿದವರು ಇದ್ದರು, ಒಳ್ಳೆಯದನ್ನೇ ಬರೆಯಿರಿ ಎಂದು ಹಾರೈಸಿದವರೂ ಇದ್ದರು. ಇಬ್ಬರಿಗೂ ನಾನು ಒಂದೇ ಉತ್ತರ ಕೊಟ್ಟೆ: ಕಾಗದದಲ್ಲಿ ಇರುವುದನ್ನು ಬರೆಯುತ್ತೇನೆ, ಕಾಗದ ಎಲ್ಲಿ ಮುಗಿಯುತ್ತದೆ ಎಂಬುದನ್ನೂ ಬರೆಯುತ್ತೇನೆ.

ಅವರ ಕತ್ತರಿಕೆ ಪುಸ್ತಕಗಳು ಅಲ್ಲಿವೆ. ಪತ್ರಿಕೆಗಳಲ್ಲಿ ತಮ್ಮ ಬಗ್ಗೆ, ಸೊಸೈಟಿಯ ಬಗ್ಗೆ ಬಂದ ಪ್ರತಿಯೊಂದು ಸುದ್ದಿಯನ್ನೂ ಕತ್ತರಿಸಿ ಅಂಟಿಸಿ, ಅಂಚಿನಲ್ಲಿ ಶಾಯಿ ಮತ್ತು ಬಣ್ಣದ ಪೆನ್ಸಿಲ್ಲುಗಳಿಂದ ಉತ್ತರ ಬರೆಯುವ ರೂಢಿ ಅವರಿಗಿತ್ತು. ನ್ಯೂಯಾರ್ಕಿನ ದಿನಗಳ ಸಂಪುಟದಲ್ಲಿ, ದಾರ್ಶನಿಕ-ಧಾರ್ಮಿಕ ಸಂಘವೊಂದನ್ನು ಸ್ಥಾಪಿಸಲು ಭಾರತದಿಂದ ನೇರವಾಗಿ ಆದೇಶ ಬಂದಿದೆ ಎಂಬ 1875ರ ಜುಲೈ ತಿಂಗಳ ಟಿಪ್ಪಣಿ ಇದೆ. ಸೊಸೈಟಿ ಹುಟ್ಟುವುದಕ್ಕೆ ನಾಲ್ಕು ತಿಂಗಳ ಮೊದಲೇ ಎಲ್ಲ ನಿಶ್ಚಯವಾಗಿತ್ತು ಎಂದು ಅನುಯಾಯಿಗಳು ಇದನ್ನು ಎತ್ತಿ ತೋರಿಸುತ್ತಾರೆ. ಅಂಚಿನ ಬರಹವನ್ನು ಅಂಟಿಸಿದ ದಿನವೇ ಬರೆದರೋ, ಎಷ್ಟೋ ವರ್ಷದ ಮೇಲೆ ಪುಟ ತಿರುವುವಾಗ ಸೇರಿಸಿದರೋ ಎಂಬುದನ್ನು ಕೇಳದೆ ಈ ವಾಕ್ಯಕ್ಕೆ ತೂಕ ಕಟ್ಟಲಾಗದು. ಆದರೂ ಆ ಪುಸ್ತಕಗಳನ್ನು ತಿರುವುತ್ತ ನನಗೆ ಆಕೆಯ ಸ್ವಭಾವ ಸಮೀಪದಿಂದ ಕಂಡಿತು. ಯಾವ ಟೀಕೆಯನ್ನೂ ಬಚ್ಚಿಡದೆ ಅಂಟಿಸಿದ್ದಾರೆ. ಯಾವುದಕ್ಕೂ ಉತ್ತರಿಸದೆ ಬಿಟ್ಟಿಲ್ಲ. ಕೋಪ ಬಂದಲ್ಲಿ ಗೆರೆ ದಪ್ಪವಾಗುತ್ತದೆ, ಆಶ್ಚರ್ಯಸೂಚಕಗಳು ಎರಡು ಮೂರಾಗುತ್ತವೆ.

ಕೂಲಂಬ್ ಪ್ರಕರಣಕ್ಕೆ ಬಂದಾಗ ಕೆಲಸ ತಿಂಗಳುಗಟ್ಟಲೆ ಅಲ್ಲಿಯೇ ನಿಂತಿತು. ಕೈರೋದಲ್ಲಿ ಬ್ಲಾವಟ್ಸ್ಕಿಯವರಿಗೆ ಕಷ್ಟದಲ್ಲಿ ಹಣ ಕೊಟ್ಟಿದ್ದ ಎಮ್ಮಾ ಕೂಲಂಬ್, 1880ರಲ್ಲಿ ಗಂಡನ ಜೊತೆ ನಿರ್ಗತಿಕಳಾಗಿ ಮುಂಬಯಿಗೆ ಬಂದು ಸೊಸೈಟಿಯ ಮನೆವಾರ್ತೆ ನೋಡಿಕೊಂಡಿದ್ದಳು. ಬ್ಲಾವಟ್ಸ್ಕಿ ಮತ್ತು ಆಲ್ಕಾಟರು ಯುರೋಪಿಗೆ ಹೋಗಿದ್ದಾಗ, 1884ರ ಮೇ ತಿಂಗಳಲ್ಲಿ, ಆ ದಂಪತಿಗಳನ್ನು ಅಡ್ಯಾರಿನಿಂದ ಹೊರಹಾಕಲಾಯಿತು. ಸೆಪ್ಟೆಂಬರಿನಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ನಿಯತಕಾಲಿಕೆ ಬ್ಲಾವಟ್ಸ್ಕಿಯವರು ಎಮ್ಮಾಗೆ ಬರೆದರೆನ್ನಲಾದ ಪತ್ರಗಳನ್ನು ಅಚ್ಚು ಮಾಡಿತು. ಬ್ಲಾವಟ್ಸ್ಕಿಯವರು ತಮ್ಮ ಟಿಬೆಟ್ಟಿನ ಗುರುಗಳೆಂದು ಹೇಳುತ್ತಿದ್ದ ಮಹಾತ್ಮರ ಪತ್ರಗಳು ಪ್ರತ್ಯಕ್ಷವಾಗುತ್ತಿದ್ದ ಅಡ್ಯಾರಿನ ಕಪಾಟಿನ ಹಿಂದೆ ಗೋಡೆಯಲ್ಲಿ ಕಿಂಡಿ ಇತ್ತು, ಅದನ್ನು ಮಾಡಿಕೊಟ್ಟದ್ದು ತನ್ನ ಗಂಡ ಎಂಬುದು ಎಮ್ಮಾಳ ಆರೋಪ. ಕಪಾಟು ಇದ್ದ ಕೋಣೆಯ ಗೋಡೆಗೆ ಆಚೆ ಬ್ಲಾವಟ್ಸ್ಕಿಯವರ ಮಲಗುವ ಕೋಣೆ ಇತ್ತು ಎಂಬುದರಲ್ಲಿ ವಿವಾದವಿಲ್ಲ. ಪತ್ರಗಳು ಹೊರಬಿದ್ದ ಕೆಲವೇ ದಿನಗಳಲ್ಲಿ ಆ ಕಪಾಟನ್ನು ಅನುಯಾಯಿಗಳೇ ನಾಶಮಾಡಿದರು. ಎಮ್ಮಾಗೆ ಬರೆದರೆನ್ನಲಾದ ಮೂಲ ಪತ್ರಗಳೂ ಇಂದು ಯಾರ ಬಳಿಯೂ ಇಲ್ಲ. ಅಂದರೆ, ಇಡೀ ಮೊಕದ್ದಮೆಯ ಎರಡು ಮುಖ್ಯ ವಸ್ತುಗಳೂ ಕಾಣೆಯಾಗಿವೆ. ಒಂದನ್ನು ಒಂದು ಪಕ್ಷ ಇಲ್ಲವಾಗಿಸಿತು, ಇನ್ನೊಂದು ಇನ್ನೊಂದು ಪಕ್ಷದ ಕೈಯಲ್ಲಿ ಹೋಯಿತು.

ಅತೀಂದ್ರಿಯ ಘಟನೆಗಳನ್ನು ಪರೀಕ್ಷಿಸುವ ಲಂಡನ್ನಿನ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್ ಕಳಿಸಿದ ರಿಚರ್ಡ್ ಹಾಡ್ಜ್‌ಸನ್ ಎಂಬ ಇಪ್ಪತ್ತೊಂಬತ್ತರ ಯುವಕ 1884ರ ಡಿಸೆಂಬರಿನಲ್ಲಿ ಮದ್ರಾಸಿಗೆ ಬಂದಾಗ ಕಪಾಟು ಇರಲಿಲ್ಲ, ಗೋಡೆಯನ್ನು ಸರಿಪಡಿಸಲಾಗಿತ್ತು. ಅವನು ಬರೆದ ಸುಮಾರು 200 ಪುಟಗಳ ವರದಿಯನ್ನು ನಾನು ಅಡ್ಯಾರಿನ ಕೋಣೆಗಳ ನಕ್ಷೆಯ ಸಮೇತ ಸಾಲು ಸಾಲಾಗಿ ಓದಿದೆ. ಅವನು ಶ್ರಮ ಪಟ್ಟಿದ್ದಾನೆ, ಅದರಲ್ಲಿ ಸಂದೇಹವಿಲ್ಲ. ಆದರೆ ಎಲ್ಲಿ ಕೂಲಂಬರ ಮಾತು, ಎಲ್ಲಿ ತಾನೇ ಕಂಡದ್ದು ಎಂಬ ಗೆರೆ ಅವನ ವಾಕ್ಯಗಳಲ್ಲಿ ಬಾರಿ ಬಾರಿಗೂ ಅಳಿಸಿಹೋಗುತ್ತದೆ. ಮಹಾತ್ಮರ ಪತ್ರಗಳ ಕೈಬರಹ ಬ್ಲಾವಟ್ಸ್ಕಿಯವರದಲ್ಲ ಎಂದು ಮೊದಲು ಹೇಳಿದ ಲಂಡನ್ನಿನ ಕೈಬರಹ ತಜ್ಞ ನೆದರ್‌ಕ್ಲಿಫ್ಟ್, ಆಮೇಲೆ ಇನ್ನಷ್ಟು ಮಾದರಿ ನೋಡಿ ಮಾತು ಬದಲಿಸಿದ. ಇಷ್ಟೆಲ್ಲ ವಂಚನೆಗೆ ಉದ್ದೇಶವೇನು ಎಂದು ಹುಡುಕಿದ ಹಾಡ್ಜ್‌ಸನ್, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಅಸಮಾಧಾನ ಬಿತ್ತುವ ರಷ್ಯದ ಹಿತಾಸಕ್ತಿ ಇದರ ಹಿಂದಿದೆ ಎಂದು ಊಹಿಸಿದ. ಸರ್ಕಾರದ ಗೂಢಚಾರರು 1879ರಿಂದಲೇ ಆಕೆಯ ಬೆನ್ನು ಹತ್ತಿದ್ದರು, ಆದರೆ ಆಪಾದನೆಯನ್ನು ಸ್ಥಾಪಿಸುವ ಏನನ್ನೂ ಅವನು ಮುಂದಿಡಲಿಲ್ಲ. ಇತಿಹಾಸದ ಅತ್ಯಂತ ನಿಪುಣ, ಚತುರ, ಕುತೂಹಲಕರ ವಂಚಕರಲ್ಲಿ ಒಬ್ಬರಾಗಿ ಆಕೆ ಶಾಶ್ವತ ನೆನಪಿಗೆ ಅರ್ಹರು ಎಂದು ಆ ಸಂಸ್ಥೆಯ ಸಮಿತಿ ಷರಾ ಬರೆಯಿತು. ನೂರು ವರ್ಷ ಕಳೆದು 1986ರಲ್ಲಿ ಅದೇ ಸಂಸ್ಥೆಯ ಪತ್ರಿಕೆಯಲ್ಲಿ ವರ್ನನ್ ಹ್ಯಾರಿಸನ್ ಎಂಬ ದಸ್ತಾವೇಜು ತಜ್ಞರು ಹಾಡ್ಜ್‌ಸನ್ನನ ವರದಿಯನ್ನು ಕಟುವಾಗಿ ಖಂಡಿಸಿದರು.

ಮಹಾತ್ಮರ ಪತ್ರಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳ ಬಣ್ಣದ ಛಾಯಾಚಿತ್ರಗಳನ್ನು ಹಿಗ್ಗಿಸಿ ನೋಡುವುದು ನನಗೆ ಸಾಧ್ಯವಾಯಿತು. ಆ ಮಹಾತ್ಮರಲ್ಲಿ ಕೂಟ್ ಹೂಮಿಯವರ ಪತ್ರಗಳು ಹೆಚ್ಚಾಗಿ ನೀಲಿ, ಮೋರ್ಯರವು ಕೆಂಪು. ನೀಲಿ ಪತ್ರಗಳಲ್ಲಿ ಕೆಲವನ್ನು ಹಿಗ್ಗಿಸಿದಾಗ ಅಕ್ಷರದ ಗೆರೆ ಒಂದೇ ಗೆರೆಯಾಗಿರದೆ ಒಂದರ ಕೆಳಗೊಂದು ಸಮಾನಾಂತರವಾಗಿ ಹೋಗುವ ಸಣ್ಣ ಪಟ್ಟೆಗಳಿಂದ ಆದದ್ದು ಕಾಣುತ್ತದೆ. ಹ್ಯಾರಿಸನ್ ಕೂಡ ಇದನ್ನು ಗಮನಿಸಿದ್ದರು. ನೀರಿನ ಮೇಲಿನ ಬೆಳಕಿನ ಹಾಗೆ ಕಾಣುವ ಆ ಪಟ್ಟೆಗಳನ್ನು ಬಹಳ ಹೊತ್ತು ನೋಡಿದೆ. ಉಬ್ಬುತಗ್ಗಿನ ಮೇಲೆ ಕಾಗದವಿಟ್ಟು ಪೆನ್ಸಿಲ್ಲಿನಲ್ಲಿ ಬರೆದರೆ ಹೀಗೆ ಆಗಬಹುದೆಂದು ಮನೆಯಲ್ಲೇ ಪ್ರಯತ್ನಿಸಿದೆ. ಪಟ್ಟೆ ಬಂತು, ಆದರೆ ಅಷ್ಟು ಒಂದೇ ಸಮನಾಗಿ ಬರಲಿಲ್ಲ. ನಾನು ಈ ವಿದ್ಯೆಯಲ್ಲಿ ಪಳಗಿದವಳಲ್ಲವಾದ್ದರಿಂದ ಇದರಿಂದ ಯಾವ ತೀರ್ಮಾನಕ್ಕೂ ಬರಲಿಲ್ಲ, ಕಂಡದ್ದನ್ನು ಕಂಡ ಹಾಗೆ ಬರೆದೆ.

ಆದರೆ ಜೀವನಚರಿತ್ರೆ ಬರೆಯುವವಳು ಎಲ್ಲದರಲ್ಲೂ ತಟಸ್ಥಳಾಗಿ ಉಳಿದರೆ ಓದುಗರಿಗೆ ದ್ರೋಹವಾಗುತ್ತದೆ. ನನ್ನ ತೀರ್ಮಾನವನ್ನು ಪುಸ್ತಕದಲ್ಲಿ ನೇರವಾಗಿ ಹೇಳಿದ್ದೇನೆ. ಅಡ್ಯಾರಿನ ಕಪಾಟಿನ ಸುತ್ತ ನಡೆದ ಪವಾಡಗಳಲ್ಲಿ ಕೆಲವಾದರೂ ಕೂಲಂಬರ ಸಹಾಯದಿಂದಲೇ ನಡೆದವು ಎಂದು ನಾನು ನಂಬುತ್ತೇನೆ. ಎಮ್ಮಾ ಹೊರಗೆಡಹಿದ ಪತ್ರಗಳಲ್ಲಿ ಕೆಲವು ವಾಕ್ಯಗಳು ತಮ್ಮವೇ, ಇನ್ನು ಕೆಲವನ್ನು ತೂರಿಸಲಾಗಿದೆ ಎಂದು ಬ್ಲಾವಟ್ಸ್ಕಿಯವರೇ ಹೇಳಿದ್ದರು. ತಮ್ಮವೆಂದು ಒಪ್ಪಿಕೊಂಡ ಸಾಲುಗಳಲ್ಲಿಯೂ ಎಮ್ಮಾಳ ಜೊತೆಗಿನ ಸಲಿಗೆ ಎಷ್ಟಿತ್ತೆಂದರೆ, ಮನೆಯೊಳಗೆ ಏನು ನಡೆಯುತ್ತಿತ್ತೆಂದು ಅವಳಿಗೆ ತಿಳಿಯದೆ ಇರಲಾರದು. ಕಪಾಟನ್ನು ನಾಶಮಾಡಿದ್ದಕ್ಕೆ ಸಮಾಧಾನಕರ ಕಾರಣ ನನಗೆ ಎಲ್ಲೂ ಸಿಗಲಿಲ್ಲ. ಹೀಗಿದ್ದೂ ಹಾಡ್ಜ್‌ಸನ್ ಮಾಡಿದಂತೆ ಒಂದು ಕಪಾಟಿನಿಂದ ಹೊರಟು ಎಲ್ಲ ಪತ್ರಗಳಿಗೂ, ಅಲ್ಲಿಂದ ಬೇಹುಗಾರಿಕೆಗೂ ಜಿಗಿಯುವುದನ್ನು ಆಧಾರಗಳು ಸಮರ್ಥಿಸುವುದಿಲ್ಲ. ಈ ಎರಡೂ ಮಾತುಗಳನ್ನು ಒಟ್ಟಿಗೆ ಹೇಳಿದ್ದರಿಂದ ಎರಡೂ ಕಡೆಯವರಿಗೆ ಬೇಸರವಾಯಿತು. ನ್ಯಾಯಾಲಯಕ್ಕೆ ಹೋಗಿ ಹೆಸರು ಉಳಿಸಿಕೊಳ್ಳಬೇಕೆಂದು ಹಟ ಹಿಡಿದಿದ್ದ ಬ್ಲಾವಟ್ಸ್ಕಿಯವರನ್ನು 1884ರ ಡಿಸೆಂಬರಿನಲ್ಲಿ ಸೊಸೈಟಿಯ ಸಮಿತಿಯೇ ತಡೆಯಿತು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಪಾಟೀಸವಾಲು ನಡೆದಿದ್ದರೆ ಇವತ್ತು ನಮಗೆ ಸಿಗದ ಎಷ್ಟೋ ಉತ್ತರಗಳು ಕೋರ್ಟಿನ ದಾಖಲೆಯಲ್ಲಿ ಉಳಿಯುತ್ತಿದ್ದವು.

ಒಂದು ಕಾಗದದ ಬಗ್ಗೆ ನಾನು ಹೆಂಗಸಾಗಿಯೇ ಬರೆಯಬೇಕಾಯಿತು. 1862ರಲ್ಲಿ ಟಿಫ್ಲಿಸ್‌ನಲ್ಲಿ ಅವರಿಗೆ ಕೊಟ್ಟ ಪ್ರಯಾಣಪತ್ರದಲ್ಲಿ ಯೂರಿ ಎಂಬ ಮಗುವಿನ ಹೆಸರಿದೆ. ಸಾಕುಮಗು ಎಂದು ಅವರು ಹೇಳಿದರು, ಹೆತ್ತ ಮಗು ಎಂದು ವಿರೋಧಿಗಳು ಹೇಳಿದರು. ಆ ಮಗು ಎಳೆಯ ವಯಸ್ಸಿನಲ್ಲೇ ತೀರಿಕೊಂಡಿತು. ಈ ಮಾತು ಮತ್ತೆ ಮತ್ತೆ ಎದ್ದದ್ದರಿಂದ 1885ರ ನವೆಂಬರಿನಲ್ಲಿ, ಜರ್ಮನಿಯ ವ್ಯೂರ್ಟ್ಸ್‌ಬರ್ಗಿನಲ್ಲಿ, ಐವತ್ತನಾಲ್ಕು ವರ್ಷದ ಕಾಯಿಲೆಯ ಹೆಂಗಸು ವೈದ್ಯರಿಂದ ತಪಾಸಣೆ ಮಾಡಿಸಿಕೊಂಡು, ತಾನು ಎಂದೂ ಗರ್ಭ ಧರಿಸಿಲ್ಲವೆಂಬ ಪ್ರಮಾಣಪತ್ರ ಪಡೆಯಬೇಕಾಯಿತು. ಧರ್ಮ ಸ್ಥಾಪಿಸಿದ ಯಾವ ಗಂಡಸಿನಿಂದ ಇಂಥದ್ದನ್ನು ಯಾರು ಕೇಳಿದ್ದಾರೆ? ಆ ಪ್ರಮಾಣಪತ್ರದ ಪ್ರಕಟಿತ ಪಾಠವನ್ನು ಓದಿದ ದಿನ ನಾನು ಬೇರೆ ಕೆಲಸ ಮಾಡಲಿಲ್ಲ. ಇದನ್ನು ಪುಸ್ತಕದಿಂದ ಬಿಡುವುದೇ ಘನತೆ ಎಂದು ಕೆಲವು ಹಿತೈಷಿಗಳು ಹೇಳಿದರು. ಬಿಟ್ಟರೆ ಆಕೆಯ ಮೇಲೆ ಯಾವ ಬಗೆಯ ಒತ್ತಡ ಇತ್ತೆಂಬುದೇ ಮರೆಯಾಗುತ್ತದೆ ಎಂದು ನನಗನ್ನಿಸಿತು. ಹಾಗೆಂದು ಆಕೆಯ ಖಾಸಗಿ ಬದುಕಿನಲ್ಲಿ ಅಡಗಿಸಬೇಕಾದದ್ದು ಏನೂ ಇರಲಿಲ್ಲವೆಂದೂ ಬರೆಯಲಿಲ್ಲ: ಮೊದಲ ಗಂಡ ಬದುಕಿದ್ದಾಗಲೇ 1875ರ ಏಪ್ರಿಲಿನಲ್ಲಿ ಫಿಲಡೆಲ್ಫಿಯದಲ್ಲಿ ಮೈಕೆಲ್ ಬೆಟನೆಲ್ಲಿಯನ್ನು ಮದುವೆಯಾದರು, 1878ರಲ್ಲಿ ವಿಚ್ಛೇದನವಾಯಿತು. ಇದಕ್ಕೆ ಕಾಗದವಿದೆ, ಆದ್ದರಿಂದ ಪುಸ್ತಕದಲ್ಲಿಯೂ ಇದೆ.

ನನ್ನ ಭಾಷೆಯೇ ನನಗೆ ನೆರವಾದದ್ದು ನೀಲಗಿರಿಯಲ್ಲಿ. 1883ರ ಬೇಸಗೆಯ ನಂತರದ ತಿಂಗಳುಗಳಲ್ಲಿ ಅವರು ಊಟಿಯಲ್ಲಿ ಮೇಜರ್ ಜನರಲ್ ಮಾರ್ಗನ್ ದಂಪತಿಗಳ ಅತಿಥಿಯಾಗಿದ್ದರು. ಮುಂದೆ ಎಮ್ಮಾ ಕೂಲಂಬ್ ಮಾನನಷ್ಟ ಮೊಕದ್ದಮೆ ಹೂಡಿ ಹಿಂತೆಗೆದುಕೊಂಡದ್ದು ಇದೇ ಮಾರ್ಗನ್ನರ ಮೇಲೆ. ಆ ವಾಸದಿಂದ ಹುಟ್ಟಿದ್ದು ಆ ಬೆಟ್ಟದ ಜನರಾದ ತೋಡರು, ಬಡಗರು, ಕುರುಂಬರ ಬಗ್ಗೆ ರಷ್ಯನ್ ಓದುಗರಿಗಾಗಿ ರಾದ್ದಾ ಬಾಯಿ ಎಂಬ ಹೆಸರಿನಲ್ಲಿ ಬರೆದ ಲೇಖನಮಾಲೆ. ಇಂಗ್ಲಿಷ್ ಅನುವಾದದಲ್ಲಿ ಅದನ್ನು ಓದಿದಾಗ, ಟಿಬೆಟ್ಟಿನ ವಿಷಯದಲ್ಲಿ ನನ್ನಿಂದಾಗದ ಕೆಲಸ ಇಲ್ಲಿ ಸಾಧ್ಯವೆಂದು ಹೊಳೆಯಿತು. ಬಡಗರು ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರೆಂಬುದು ಅವರದೇ ಪರಂಪರೆಯ ಮಾತು, ಅವರ ನುಡಿ ಕನ್ನಡದ ಒಡಹುಟ್ಟು. ಕೋತಗಿರಿ ಕಡೆಯ ಹಟ್ಟಿಯೊಂದರಲ್ಲಿ ನಿವೃತ್ತ ಶಿಕ್ಷಕರೊಬ್ಬರ ಮನೆಯ ಜಗಲಿಯಲ್ಲಿ ಕೂತು, ಆಕೆಯ ಬರಹದ ಭಾಗಗಳನ್ನು ಕನ್ನಡಕ್ಕೆ ತಿರುಗಿಸಿ ಓದಿದೆ. ಅವರು ಬಡಗದಲ್ಲಿ ಉತ್ತರ ಕೊಡುತ್ತಿದ್ದರು. ಮೊದಲ ದಿನ ಮುಕ್ಕಾಲುಪಾಲು ತಿಳಿಯಿತು, ಆಮೇಲೆ ಕಿವಿ ಪಳಗಿತು.

ಬ್ಲಾವಟ್ಸ್ಕಿಯವರ ಬರಹದಲ್ಲಿ ತೋಡರು ಎತ್ತರದ, ಗಂಭೀರ, ದೈವಸದೃಶ ಜನಾಂಗದ ಅವಶೇಷ. ಬಡಗರು ಅವರನ್ನು ಪೂಜಿಸುವವರು. ಕುರುಂಬರು ನೋಟದಿಂದಲೇ ಕೊಲ್ಲುವ ಕುಳ್ಳ ಮಾಟಗಾರರು. ಶಿಕ್ಷಕರು ಕೇಳಿ ಸುಮ್ಮನಿದ್ದು, ತೋಡರಿಗೆ ನಮ್ಮವರು ರಾಗಿ, ಸಾಮೆ ಕೊಡುತ್ತಿದ್ದರು, ಅವರು ತುಪ್ಪ ಕೊಡುತ್ತಿದ್ದರು, ಕೋಟರು ಮಡಕೆ, ಕತ್ತಿ ಕೊಟ್ಟು ನಮ್ಮ ಸಾವಿಗೆ ವಾದ್ಯ ನುಡಿಸುತ್ತಿದ್ದರು, ಅದು ಒಬ್ಬರಿಗೊಬ್ಬರು ನಡೆಸಿಕೊಂಡು ಬಂದ ಬಾಳುವೆ, ಪೂಜೆ ನಾವು ಮಾಡುವುದು ನಮ್ಮ ದೇವತೆ ಹೆತ್ತೆಗೆ ಎಂದರು. ಕುರುಂಬರ ಭಯದ ಬಗ್ಗೆ ಕೇಳಿದಾಗ ಮಾತ್ರ ಅವರ ದನಿ ಇಳಿಯಿತು. ಆ ಭಯ ನಿಜವಾಗಿತ್ತು, ಅಜ್ಜಿಯ ಕಾಲದಲ್ಲಿ ಕುರುಂಬನ ಹೆಸರು ಹೇಳಿ ಮಕ್ಕಳನ್ನು ಒಳಗೆ ಕರೆಯುತ್ತಿದ್ದರು ಎಂದರು. ಮಾಟದ ಆಪಾದನೆ ಹೊರಿಸಿ ಕುರುಂಬರನ್ನು ಕೊಂದ ಪ್ರಕರಣಗಳು 19ನೇ ಶತಮಾನದ ಬ್ರಿಟಿಷ್ ದಾಖಲೆಗಳಲ್ಲಿಯೇ ಇವೆ. ಹಾಗಾಗಿ ಬ್ಲಾವಟ್ಸ್ಕಿಯವರು ಕೇಳಿದ ಭಯದ ಮಾತು ಸುಳ್ಳಲ್ಲ. ಅದನ್ನು ಹೇಳಿದ ಜನರ ಭಯವೆಂದು ಬರೆಯದೆ, ಕುರುಂಬರಿಗಿದ್ದ ಶಕ್ತಿಯೆಂದು ಬರೆದದ್ದು ಅವರ ಕೈಚಳಕ. ಕೊಲೆಗೀಡಾಗುತ್ತಿದ್ದವರು ಅವರ ಪುಟಗಳಲ್ಲಿ ಕೊಲ್ಲುವವರಾದರು.

ನನ್ನ ಪುಸ್ತಕದ ದಿಕ್ಕು ನಿಚ್ಚಳವಾದದ್ದು ಈ ಹೋಲಿಕೆಯಿಂದ. ಅವರು ಏನೂ ಇಲ್ಲದ ಕಡೆ ಕಥೆ ಹೆಣೆಯುತ್ತಿರಲಿಲ್ಲ. ಯಾರೋ ಹೇಳಿದ್ದನ್ನು ಕಿವಿಗೊಟ್ಟು ಕೇಳಿ, ಓದಿದ್ದರ ಜೊತೆ ಬೆರೆಸಿ, ತಮ್ಮ ದೊಡ್ಡ ಸಿದ್ಧಾಂತ ಬಯಸುವ ಎತ್ತರಕ್ಕೆ ಏರಿಸುತ್ತಿದ್ದರು. ‘ಐಸಿಸ್ ಅನ್‌ವೇಲ್ಡ್’ ಎಂಬ ಅವರ ಗ್ರಂಥ ಬೇರೆಯವರ ಪುಸ್ತಕಗಳಿಂದ ಹೆಸರು ಹೇಳದೆ ಎತ್ತಿದ ಭಾಗಗಳಿಂದ ತುಂಬಿದೆ ಎಂದು ವಿಲಿಯಂ ಎಮ್ಮೆಟ್ ಕೋಲ್ಮನ್ ಆರೋಪಿಸಿದ್ದು ಎಲ್ಲರಿಗೂ ತಿಳಿದದ್ದೇ. ನಾನು ತಾಳೆ ನೋಡಿದ ಮಟ್ಟಿಗೆ ಆರೋಪದಲ್ಲಿ ಹುರುಳಿದೆ. ನೀಲಗಿರಿಯ ಅಧ್ಯಾಯವನ್ನು ಬರೆದ ಮೇಲೆ ಟಿಬೆಟ್ಟಿನ ಅಧ್ಯಾಯವನ್ನು ಹೇಗೆ ಬರೆಯಬೇಕೆಂಬ ಗೊಂದಲ ಉಳಿಯಲಿಲ್ಲ. ಆಕೆಗೆ ಎಲ್ಲಿ, ಯಾರ ಜೊತೆ, ಎಷ್ಟು ಒಡನಾಟವಿತ್ತೆಂಬುದಕ್ಕೆ ಬೇರೆಯವರ ಕಾಗದ ಸಿಕ್ಕಲ್ಲಿ ಆಕೆಯ ಮಾತನ್ನು ಅದರ ಪಕ್ಕದಲ್ಲಿಟ್ಟೆ. ಸಿಗದ ಕಡೆ ವರ್ಷವನ್ನು ಖಾಲಿ ಬಿಟ್ಟೆ, ಆಕೆ ಮುಂದೆ ಯಾವ ವರ್ಷದಲ್ಲಿ, ಯಾರಿಗೆ, ಏನೆಂದು ಅದನ್ನು ಹೇಳಿದರೆಂಬುದನ್ನು ಆ ಮುಂದಿನ ವರ್ಷದ ಅಧ್ಯಾಯಕ್ಕೆ ಸೇರಿಸಿದೆ. 1851ರ ಗುರುದರ್ಶನ ನನ್ನ ಪುಸ್ತಕದಲ್ಲಿ ಎರಡು ಕಡೆ ಬರುತ್ತದೆ, ಚಿತ್ರಪುಸ್ತಕದ ಸಾಲಾಗಿ ಒಮ್ಮೆ, ಕೌಂಟೆಸ್ ಜೊತೆಗಿನ ಮಾತಾಗಿ ಇನ್ನೊಮ್ಮೆ, ನಡುವೆ ಮೂರು ದಶಕಕ್ಕೂ ಹೆಚ್ಚಿನ ಅಂತರವಿಟ್ಟುಕೊಂಡು.

ಆಕೆಯಿಂದ ಆದದ್ದನ್ನು ಬರೆಯುವಾಗ ಇಷ್ಟು ಕಷ್ಟಪಡಬೇಕಾಗಲಿಲ್ಲ, ಕಾಗದಗಳು ಧಾರಾಳವಾಗಿವೆ. 1880ರ ಮೇ 25ರಂದು ಸಿಲೋನಿನ ಗಾಲೆಯಲ್ಲಿ ಅವರೂ ಆಲ್ಕಾಟರೂ ಜನರ ಎದುರಿನಲ್ಲಿ ಪಂಚಶೀಲ ಸ್ವೀಕರಿಸಿದ್ದು ಅಲ್ಲಿನ ಬೌದ್ಧರಿಗೆ ಎಂಥ ಧೈರ್ಯ ಕೊಟ್ಟಿತೆಂಬುದಕ್ಕೆ ಮುಂದೆ ಎದ್ದ ಶಾಲೆಗಳೇ ಸಾಕ್ಷಿ. ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧೀಜಿ ಆಕೆಯನ್ನು ಕಂಡದ್ದನ್ನೂ, ಆಕೆಯ ‘ಕೀ ಟು ಥಿಯಾಸಾಫಿ’ ಓದಿದ ಮೇಲೆ ಹಿಂದೂ ಧರ್ಮವೆಂದರೆ ಬರೀ ಮೂಢನಂಬಿಕೆಯೆಂದು ಪಾದ್ರಿಗಳು ಹುಟ್ಟಿಸಿದ್ದ ಭಾವನೆ ಹೋಯಿತೆಂಬುದನ್ನೂ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಈ ಅಧ್ಯಾಯ ಓದಿದ ವಿಚಾರವಾದಿ ಗೆಳೆಯರೊಬ್ಬರು, ವಂಚನೆಯನ್ನು ಒಪ್ಪಿದ ಮೇಲೆ ಇಷ್ಟು ಪುಟ ಯಾಕೆ ಎಂದು ಕೇಳಿದರು. ಕಪಾಟಿನ ಅಧ್ಯಾಯ ಓದಿದ ಸೊಸೈಟಿಯ ಹಿರಿಯ ಸದಸ್ಯೆಯೊಬ್ಬರು, ವೈದ್ಯರ ಪ್ರಮಾಣಪತ್ರವನ್ನು ಮಾತ್ರವಾದರೂ ತೆಗೆಯಿರಿ ಎಂದು ಕೈಹಿಡಿದು ಕೇಳಿಕೊಂಡರು. ಇಬ್ಬರ ಮಾತಿಗೂ ಗೌರವವಿಟ್ಟು ಎರಡನ್ನೂ ಉಳಿಸಿದೆ. ಆ ಹಿರಿಯರ ಮಾತಿನಿಂದ ಒಂದನ್ನು ಸೇರಿಸಿದೆ: 1890ರಲ್ಲಿ ಆಕೆಯ ನಡತೆಯ ಮೇಲೆ ಕೆಸರೆರಚಿದ ನ್ಯೂಯಾರ್ಕಿನ ‘ದಿ ಸನ್’ ಪತ್ರಿಕೆ 1892ರ ಸೆಪ್ಟೆಂಬರಿನಲ್ಲಿ, ಆಕೆ ತೀರಿಕೊಂಡ ಮೇಲೆ, ಆ ಆರೋಪಗಳನ್ನು ಹಿಂತೆಗೆದುಕೊಂಡ ಸಂಗತಿ ಈಗ ಪ್ರಮಾಣಪತ್ರದ ಬೆನ್ನಿಗೇ ಬರುತ್ತದೆ.

ಈಗ ಉಳಿದಿರುವುದು ರಷ್ಯನ್ ಮೂಲದ ಕೆಲಸ. ನೀಲಗಿರಿಯ ಲೇಖನಮಾಲೆಯನ್ನು ನಾನು ಓದಿರುವುದು ಅನುವಾದದಲ್ಲಿ. ಕುರುಂಬರ ಬಗೆಗಿನ ಅತಿ ಕಟುವಾದ ವಾಕ್ಯಗಳು ಆಕೆಯ ಲೇಖನಿಯವೇ, ಅನುವಾದದ ದಾರಿಯಲ್ಲಿ ಗಟ್ಟಿಯಾದವೇ ಎಂದು ನೋಡಬೇಕಾಗಿದೆ. ರಷ್ಯನ್ ಬಲ್ಲ ಗೆಳತಿಯೊಬ್ಬರು ಆ ಲೇಖನಗಳು ಅಚ್ಚಾದ 19ನೇ ಶತಮಾನದ ಮಾಸಪತ್ರಿಕೆಯ ಪುಟಗಳನ್ನು ನನ್ನ ಜೊತೆ ಸಾಲು ಸಾಲಾಗಿ ಓದಲು ಒಪ್ಪಿದ್ದಾರೆ. ಅದು ಮುಗಿಯುವವರೆಗೆ ಆ ಅಧ್ಯಾಯವನ್ನು ಪ್ರಕಾಶಕರಿಗೆ ಕೊಡುವುದಿಲ್ಲವೆಂದು ತಿಳಿಸಿದ್ದೇನೆ.